ಒಪ್ಪಿಸಿದ ರಹಸ್ಯ

ರಹಸ್ಯವು ಹಂಚಿದಷ್ಟೂ ಕ್ಷಯಿಸುವ ವಸ್ತುವೆಂಬುದನ್ನು ನಮ್ಮ ನೀತಿಕಾರರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಆರು ಕಿವಿಗಳಿಗೆ ಬಿದ್ದ ಮಂತ್ರಾಲೋಚನೆ ಉಳಿಯದೆಂದು ಅವರು ಅರಸರಿಗೆ ಎಚ್ಚರಿಕೆ ಹೇಳಿದರು. ಆದರೆ ಕಿವಿಯಾಗಲಿ ನಾಲಗೆಯಾಗಲಿ ಇಲ್ಲದ, ಲೋಭಭಯಗಳು ಮುಟ್ಟದ ಒಂದು ಜಡಯಂತ್ರದ ವಶಕ್ಕೆ ಮನುಷ್ಯನು ತನ್ನ ರಹಸ್ಯಗಳನ್ನು ಗಂಟುಕಟ್ಟಿ ಒಪ್ಪಿಸುವ ಕಾಲವೊಂದು ಬಂದೀತೆಂದು ಅವರು ಎಣಿಸಿರಲಾರರು. ಇಂದು ಮೇಜಿನ ಮೇಲೆ ಗಣಕಯಂತ್ರವನ್ನಿಟ್ಟುಕೊಂಡು ಕೆಲಸ ಮಾಡುವವನು ಬ್ಯಾಂಕಿನದೊಂದು, ಇ-ಮೇಲಿನದೊಂದು, ಕಛೇರಿಯದೊಂದು, ಮನೆಯ ವೈಫೈಯದೊಂದು, ಹೀಗೆ ಹತ್ತಾರು ಪಾಸ್‌ವರ್ಡ್‌ಗಳ ಭಾರವನ್ನು ಹೊರಬೇಕಾಗಿರುವುದರಿಂದ, “ಇದನ್ನು ನೆನಪಿಟ್ಟುಕೊಳ್ಳಲೆ?” ಎಂದು ಯಂತ್ರವು ಕೇಳಿದೊಡನೆ ಹೂಂಗುಟ್ಟಿ ಮುಂದಿನ ಕೆಲಸಕ್ಕೆ ಕೈಹಾಕುತ್ತಾನೆ. ಅರೆಕ್ಷಣದಲ್ಲಿ ಮುಗಿದುಹೋಗುವ ಈ ಒಪ್ಪಿಗೆಯು ಬರಿಯ ಸೌಕರ್ಯದ ಮಾತಲ್ಲ. ತನ್ನದನ್ನು ಇನ್ನೊಂದರ ಕೈಗೆ ಕೊಡುವ ವಿಶ್ವಾಸಕ್ರಿಯೆ ಅದು. ಧರ್ಮಾಧರ್ಮ ವಿವೇಚನೆಯೇ ಇಲ್ಲದ ವಸ್ತುವಿನಲ್ಲಿ ಇಡುವ ವಿಶ್ವಾಸವನ್ನು ವಿಶ್ವಾಸವೆನ್ನಬಹುದೆ? ಎನ್ನಬಹುದಾದರೆ, ಅದಕ್ಕೆ ಮೇರೆ ಯಾವುದು, ಹೊಣೆ ಯಾರದು?

ಪರರ ಕೈಯಲ್ಲಿಟ್ಟ ವಸ್ತುವಿನ ವಿಚಾರದಲ್ಲಿ ನಮ್ಮ ಧರ್ಮಶಾಸ್ತ್ರಗಳು ಮಾಡಿರುವ ವಿವೇಚನೆ ಸಾಮಾನ್ಯವಾದುದಲ್ಲ. ಮನುಸ್ಮೃತಿಯು ವ್ಯವಹಾರಗಳನ್ನು ಹದಿನೆಂಟಾಗಿ ವಿಂಗಡಿಸುವಲ್ಲಿ ಸಾಲದ ವಿಚಾರವನ್ನು ಮೊದಲಿಗಿಟ್ಟು, ಅದರ ಬೆನ್ನಿಗೇ, ಎರಡನೆಯ ಸ್ಥಾನವನ್ನು ನಿಕ್ಷೇಪಕ್ಕೆ, ಎಂದರೆ ಹಾಗೆ ನಂಬಿ ಒಪ್ಪಿಸಿದ ವಸ್ತುವಿಗೆ, ಕೊಟ್ಟಿದೆ. ನಾರದನು ತನ್ನ ಸ್ಮೃತಿಯಲ್ಲಿ ನಿಕ್ಷೇಪವನ್ನು ನಿರೂಪಿಸುವಾಗ ವಸ್ತುವಿನ ಬೆಲೆಯನ್ನಾಗಲಿ ಅದನ್ನಿಟ್ಟ ಸ್ಥಳವನ್ನಾಗಲಿ ಲಕ್ಷಣವಾಗಿ ಹಿಡಿಯದೆ, ಇಡುವವನ ಮನಸ್ಸಿನ ನಿಶ್ಶಂಕೆಯನ್ನೇ ಲಕ್ಷಣವಾಗಿ ಹಿಡಿದನು. ಯಾಜ್ಞವಲ್ಕ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದಾದರೊಂದು ಭಾಂಡದೊಳಗಿರಿಸಿ, ಒಳಗೇನಿದೆಯೆಂಬುದನ್ನು ತಿಳಿಸದೆಯೇ ಮತ್ತೊಬ್ಬನ ಕೈಗೊಪ್ಪಿಸುವ ದ್ರವ್ಯವನ್ನು ಉಪನಿಧಿಯೆಂದು ಬೇರೆಯಾಗಿ ಗಣಿಸಿ, ಅದನ್ನು ಕೊಟ್ಟ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕುದೆಂದು ವಿಧಿಸಿದನು. ಇಟ್ಟುಕೊಂಡವನು ತನ್ನಿಚ್ಛೆಯಂತೆ ಅದನ್ನು ಬಳಸಿಕೊಂಡನಾದರೆ ದಂಡನೆಗೆ ಗುರಿಯಾಗುವುದಲ್ಲದೆ ವೃದ್ಧಿಸಹಿತವಾಗಿ ಅದನ್ನು ತೆರಬೇಕು; ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋಯಿತಾದರೆ ಅವನ ಮೇಲೆ ಹೊಣೆಯಿಲ್ಲ. ಯಾಜ್ಞವಲ್ಕ್ಯನ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದು ಭರತಖಂಡದ ಬಹುಭಾಗದ ನ್ಯಾಯಸ್ಥಾನಗಳಿಗೆ ದಾರಿ ತೋರಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬಾಳಿದವನೆಂಬುದನ್ನು ಕನ್ನಡಿಗರು ಮರೆಯತಕ್ಕುದಲ್ಲ.

ಈ ವಿಧಿಗಳನ್ನು ಕೂಡಿಸಿ ನೋಡಿದರೆ ನಿಕ್ಷೇಪಧರ್ಮಕ್ಕೆ ಮೂರು ಅಂಗಗಳು ಕಾಣುತ್ತವೆ: ಬಿಚ್ಚಿ ನೋಡದಿರುವುದು, ಬಳಸಿಕೊಳ್ಳದಿರುವುದು, ಕೇಳಿದಾಗ ಇದ್ದಂತೆಯೇ ಕೊಡುವುದು. ಮನುಷ್ಯನಲ್ಲಿ ಈ ಮೂರನ್ನೂ ಎತ್ತಿಹಿಡಿಯುವುವು ಅವನ ಧರ್ಮಬುದ್ಧಿ, ಲೋಕಾಪವಾದದ ಅಂಜಿಕೆ ಮತ್ತು ರಾಜದಂಡ. ಯಂತ್ರಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಅದು ಸುಳ್ಳಾಡದು; ಆದರೆ ಸತ್ಯವ್ರತವೂ ಅದಕ್ಕಿಲ್ಲ. ಆದುದರಿಂದ ಯಂತ್ರವನ್ನು ನಿಕ್ಷೇಪಧಾರಿಯನ್ನಾಗಿ ಮಾಡಹೊರಟವರು, ಮನುಷ್ಯನಲ್ಲಿ ಶೀಲವು ಮಾಡುವ ಕೆಲಸವನ್ನು ಯಂತ್ರದಲ್ಲಿ ರಚನಾಕೌಶಲದಿಂದ ಮಾಡಿಸಬೇಕಾಯಿತು. ಆ ಕೌಶಲವು ಒಮ್ಮೆಗೇ ಬಂದುದಲ್ಲ. ಎಡವಿ ಎಡವಿ ಕಲಿತದ್ದು.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಅವರೂ ಅವರ ಸಂಗಡಿಗರೂ ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸಬಹುದಾದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಯಂತ್ರವೊಂದು, ಬಳಸುವವರು ಹಲವರು ಎಂದಾದೊಡನೆ ಯಾವ ಫೈಲು ಯಾರದೆಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಪರಿಹಾರವಾಗಿ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಬಂದಿತು. ಆ ಪಾಸ್‌ವರ್ಡ್‌ಗಳೆಲ್ಲವೂ ಇದ್ದ ರೂಪದಲ್ಲಿಯೇ ಒಂದು ಫೈಲಿನಲ್ಲಿ ಬರೆದಿಡಲ್ಪಟ್ಟಿದ್ದುವು. 1966ರಲ್ಲಿ ವ್ಯವಸ್ಥಾಪಕರಿಬ್ಬರು ಒಂದೇ ಹೊತ್ತಿನಲ್ಲಿ ಬೇರೆಬೇರೆ ಫೈಲುಗಳನ್ನು ತಿದ್ದುತ್ತಿದ್ದಾಗ, ತಿದ್ದುವ ಪ್ರೋಗ್ರಾಮು ಇಬ್ಬರ ತಾತ್ಕಾಲಿಕ ಫೈಲುಗಳಿಗೂ ಒಂದೇ ಹೆಸರನ್ನಿಟ್ಟುದರಿಂದ ಅವೆರಡೂ ಅದಲುಬದಲಾದುವು. ದಿನದ ಸೂಚನೆ ಕಾಣಬೇಕಾದೆಡೆಯಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳೂ ಒಳಗೆ ಬಂದವರೆಲ್ಲರ ಟರ್ಮಿನಲ್ಲುಗಳ ಮೇಲೆ ಅಚ್ಚಾದುವು. ಇದರಲ್ಲಿ ಯಾರ ದುರ್ಬುದ್ಧಿಯೂ ಇರಲಿಲ್ಲ, ಲೋಭವಿರಲಿಲ್ಲ, ಪಿಸುಣತನವಿರಲಿಲ್ಲ. ಆದರೂ ರಹಸ್ಯವು ಬೀದಿಗೆ ಬಿದ್ದಿತು. ಯಂತ್ರಕ್ಕೆ ಲೋಭವಿಲ್ಲವೆಂಬ ಕಾರಣದಿಂದಲೇ ಅದನ್ನು ನಂಬಬಹುದೆಂಬ ವಾದಕ್ಕೆ ಇದಕ್ಕಿಂತ ಚೊಕ್ಕವಾದ ಖಂಡನೆ ಬೇಕಾಗಿಲ್ಲ. ದುಷ್ಟನಲ್ಲದಿರುವುದು ವಿಶ್ವಾಸಾರ್ಹತೆಗೆ ಸಾಲದು.

ಈ ಘಟನೆಯಂಥವುಗಳಿಂದ ಹುಟ್ಟಿದ ಬೋಧೆ ಅಪೂರ್ವವಾದುದು. ಬಾಗಿಲಲ್ಲಿ ನಿಂತು ಗುರುತು ಹಿಡಿಯುವವನಿಗೆ ರಹಸ್ಯವು ಗೊತ್ತಿರಲೇಬೇಕೆ? ಗೊತ್ತಿರಬೇಕಾಗಿಲ್ಲವೆಂಬ ಯೋಚನೆ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ 1960ರ ದಶಕದಲ್ಲಿಯೇ ಮೊಳೆತಿತ್ತು. ಅದನ್ನು ಯುನಿಕ್ಸ್ ವ್ಯವಸ್ಥೆಯಲ್ಲಿ ಬೆಳೆಸಿ, 1979ರಲ್ಲಿ ಲೇಖನರೂಪದಲ್ಲಿ ಲೋಕದ ಮುಂದಿಟ್ಟವರು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಅವರ ಕ್ರಮದಲ್ಲಿ ಪಾಸ್‌ವರ್ಡನ್ನು ಹಿಂದಿರುಗಿ ಬಾರದ ಗಣಿತಮಾರ್ಗವೊಂದರಲ್ಲಿ ಇಪ್ಪತ್ತೈದು ಸಲ ಹಾಯಿಸಿ, ಕೊನೆಗೆ ಉಳಿದ ಹ್ಯಾಶ್ ಎಂಬ ಶೇಷವನ್ನು ಮಾತ್ರ ಯಂತ್ರವು ಇಟ್ಟುಕೊಳ್ಳುತ್ತದೆ. ಇಬ್ಬರು ಒಂದೇ ಪಾಸ್‌ವರ್ಡನ್ನು ಆರಿಸಿಕೊಂಡರೂ ಶೇಷಗಳು ಒಂದೇ ಆಗದಂತೆ, ‘ಸಾಲ್ಟ್’ ಎಂಬ ಯಾದೃಚ್ಛಿಕ ಅಂಶವೊಂದನ್ನು ಮೊದಲೇ ಬೆರೆಸಿ, 4,096 ಬಗೆಗಳಲ್ಲಿ ಒಂದಾಗಿ ಶೇಷವನ್ನು ಬದಲಿಸುತ್ತದೆ. ಮರುದಿನ ಅದೇ ಮನುಷ್ಯನು ಬಂದು ಅದೇ ಪದವನ್ನು ಒತ್ತಿದಾಗ, ಆ ಪದವನ್ನು ಮತ್ತೆ ಅದೇ ಮಾರ್ಗದಲ್ಲಿ ಹಾಯಿಸಿ, ಶೇಷಕ್ಕೆ ಶೇಷವನ್ನು ಹೋಲಿಸಿ, ‘ಇವನೇ ಅವನು’ ಎಂದು ಒಪ್ಪುತ್ತದೆ. ನಮ್ಮ ದಾರ್ಶನಿಕರು ಪ್ರತ್ಯಭಿಜ್ಞೆಯ ವಿಚಾರದಲ್ಲಿ ಹಿಂದಿನ ಅನುಭವದ ನೆನಪು ಅವಶ್ಯವೆಂದು ಹೇಳುವರು. ಇಲ್ಲಿಯಾದರೋ ನೆನಪಿಲ್ಲದ ಪ್ರತ್ಯಭಿಜ್ಞೆ ಸಾಧ್ಯವಾಗಿದೆ. ತಾನು ಅರಿಯದುದನ್ನೇ ಯಂತ್ರವು ಗುರುತಿಸುತ್ತದೆ. ಅರಿಯದುದರಿಂದಲೇ ಅದು ಬಯಲುಮಾಡಲಾರದು. ಬಿಚ್ಚಿ ನೋಡಬಾರದೆಂಬ ವಿಧಿಯನ್ನು, ಬಿಚ್ಚಿದರೂ ಕಾಣದಂತೆ ಮಾಡುವುದರ ಮೂಲಕ ಪಾಲಿಸಿದ ಬಗೆಯಿದು.

ಆದರೆ ಗುರುತು ಹಿಡಿಯುವ ಸಾಕ್ಷಿಯ ಧರ್ಮವೊಂದು, ವಸ್ತುವನ್ನು ಕಾಯುವ ನಿಕ್ಷೇಪಧಾರಿಯ ಧರ್ಮ ಇನ್ನೊಂದು. ನನ್ನ ಮೇಜಿನ ಯಂತ್ರವು ನನ್ನ ಪರವಾಗಿ ಅಂಚೆಯ ಸರ್ವರಿನ ಬಾಗಿಲು ತಟ್ಟಬೇಕಾದರೆ ಪಾಸ್‌ವರ್ಡಿನ ಶೇಷದಿಂದ ಅದಕ್ಕೆ ಪ್ರಯೋಜನವಿಲ್ಲ. ಪಾಸ್‌ವರ್ಡೇ ಬೇಕು, ಅಕ್ಷರ ತಪ್ಪದೆ ಬೇಕು. ಕೊಟ್ಟಂತೆಯೇ ಹಿಂದಿರುಗಿಸಬೇಕೆಂಬ ಯಾಜ್ಞವಲ್ಕ್ಯನ ನಿಯಮ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಹಿಂದಿರುಗಿಸಬಲ್ಲದ್ದೆಲ್ಲವೂ ಕದಿಯಲ್ಪಡಬಲ್ಲದ್ದು, ಆದುದರಿಂದ ಹಿಂದಿರುಗದ ಮಾರ್ಗವನ್ನು ಬಿಟ್ಟು, ಕೀಲಿಯಿದ್ದವನಿಗೆ ಮಾತ್ರ ತೆರೆಯುವ ಗೂಢಲಿಪಿಯ ಪೆಟ್ಟಿಗೆಯನ್ನು ಆಶ್ರಯಿಸಬೇಕಾಯಿತು. ಲಿನಕ್ಸಿನ ಗ್ನೋಮ್ ಪರಿಸರದಲ್ಲಿ ಇದಕ್ಕೆ ಕೀರಿಂಗ್ ಎಂದು ಹೆಸರು, ಕೆ.ಡಿ.ಇ.ಯಲ್ಲಿ ಕೆವಾಲೆಟ್, ಆಪಲ್ ಯಂತ್ರಗಳಲ್ಲಿ ಕೀಚೈನ್, ವಿಂಡೋಸಿನಲ್ಲಿಯೂ 2000ದ ಆವೃತ್ತಿಯಿಂದೀಚೆಗೆ ಇದೇ ಕೆಲಸಕ್ಕೆ ಅಂಗವೊಂದುಂಟು. ಇವೆಲ್ಲದರ ತತ್ತ್ವವೂ ಒಂದೇ: ಹಲವು ರಹಸ್ಯಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಒಂದು ಬೀಗ ಹಾಕುವುದು.

ಹಾಗಾದರೆ ಆ ಬೀಗದ ಕೈಯನ್ನು ಎಲ್ಲಿಡಬೇಕು? ಯಂತ್ರದಲ್ಲಿಯೇ ಇಟ್ಟರೆ ಪೆಟ್ಟಿಗೆಗೆ ಅರ್ಥವಿಲ್ಲ. ಇನ್ನೊಂದು ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೊಂದು ಬೀಗ, ಆ ಬೀಗಕ್ಕೊಂದು ಕೈ, ಹೀಗೆ ತಾರ್ಕಿಕರು ಹೇಳುವ ಅನವಸ್ಥಾದೋಷ ಬಂದೊದಗುತ್ತದೆ. ಆ ಸರಪಳಿಯನ್ನು ಎಲ್ಲಿಯಾದರೂ ಕಡಿಯಲೇಬೇಕು. ಕಡಿಯಬಹುದಾದ ಸ್ಥಳ ಒಂದೇ, ಅದು ಮನುಷ್ಯನ ಸ್ಮೃತಿ. ಬೆಳಿಗ್ಗೆ ಯಂತ್ರದ ಮುಂದೆ ಕುಳಿತು ಲಾಗಿನ್ ಪಾಸ್‌ವರ್ಡನ್ನು ಒತ್ತಿದಾಗ, ಪಾಮ್ ಎಂಬ ಮಧ್ಯವರ್ತಿಯು ಆ ಪದವನ್ನು ಬಾಗಿಲ ಪರೀಕ್ಷೆಗೂ ಬಳಸಿ, ಅದರಿಂದಲೇ ಕೀರಿಂಗಿನ ಬೀಗವನ್ನೂ ತೆರೆಯುತ್ತದೆ. ಬಳಕೆದಾರನಿಗೆ ಎರಡು ಕೆಲಸಗಳಾದುವೆಂಬುದು ತಿಳಿಯುವುದೇ ಇಲ್ಲ. ಹೀಗೆ ಸಾವಿರಾರು ಮಂದಿಯ ಬುದ್ಧಿಯಿಂದ ಕಟ್ಟಿದ ಈ ದುರ್ಗವೆಲ್ಲವೂ ಕೊನೆಗೆ ಒಬ್ಬ ಮನುಷ್ಯನ ಚಿತ್ತದಲ್ಲಿರುವ ಒಂದು ಪದದ ಮೇಲೆ ನಿಂತಿದೆ. ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪಲಿಲ್ಲ. ಅದು ಸಂಸ್ಕಾರಮಾತ್ರದಿಂದ ಹುಟ್ಟಿದುದೆಂದೂ ಹೊಸದನ್ನು ತಿಳಿಸುವ ಶಕ್ತಿ ಅದಕ್ಕಿಲ್ಲವೆಂದೂ ಅವರ ಅಭಿಪ್ರಾಯ. ಅವರು ದೂರವಿಟ್ಟ ಆ ಸ್ಮೃತಿಯೇ ಈ ಕಾಲದ ಸಮಸ್ತ ಪ್ರಮಾಣಪತ್ರಗಳಿಗೂ ಅಡಿಗಲ್ಲಾಗಿರುವುದು ವಿಚಿತ್ರವಾದರೂ ನಿಜ. ಮತ್ತು ಆ ಅಡಿಗಲ್ಲು ಎಷ್ಟು ಸಡಿಲವೆಂಬುದನ್ನು ಮಾರಿಸ್ ಮತ್ತು ಥಾಂಪ್ಸನ್ ಅವರೇ ಎಣಿಸಿ ತೋರಿಸಿದರು: ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇಕಡ 86ರಷ್ಟು ತೀರ ಚಿಕ್ಕವೋ, ನಿಘಂಟಿನಲ್ಲಿ ಸಿಕ್ಕುವವೋ ಆಗಿದ್ದು, ಸುಲಭವಾಗಿ ಊಹಿಸಬಹುದಾಗಿದ್ದುವು.

ಸ್ಮೃತಿಯ ಮೇಲೆ ನಿಂತ ಈ ಏರ್ಪಾಡಿನ ಸ್ವಭಾವವನ್ನು ಅರಿಯಬೇಕಾದರೆ ಅದು ಕೈಕೊಡುವ ಸಮಯವನ್ನು ಹತ್ತಿರದಿಂದ ನೋಡಬೇಕು. ಕಛೇರಿಯಲ್ಲಿ ಒಬ್ಬರು ಪಾಸ್‌ವರ್ಡನ್ನು ಮರೆತರೆನ್ನೋಣ. ವ್ಯವಸ್ಥಾಪಕರು ತಮ್ಮ ಅಧಿಕಾರದಿಂದ ಹಳೆಯದನ್ನು ಅಳಿಸಿ ಹೊಸದೊಂದನ್ನು ಕೊಟ್ಟರು. ಮರೆತವರು ಹೊಸ ಪದದಿಂದ ಒಳಹೊಕ್ಕರು, ಪರದೆ ಮೂಡಿತು, ಎಲ್ಲವೂ ಸರಿಯಾಯಿತೆಂದುಕೊಳ್ಳುವಷ್ಟರಲ್ಲಿ ಚಿಕ್ಕ ಪೆಟ್ಟಿಗೆಯೊಂದು ಎದ್ದು ಬಂದು, ನಿಮ್ಮ ಲಾಗಿನ್ ಪಾಸ್‌ವರ್ಡಿಗೂ ಕೀರಿಂಗಿನ ಪಾಸ್‌ವರ್ಡಿಗೂ ಈಗ ತಾಳೆಯಿಲ್ಲವೆಂದು ಹೇಳಿ, ಹಳೆಯ ಪದವನ್ನೇ ಕೇಳುತ್ತದೆ. ವ್ಯವಸ್ಥಾಪಕರು ಬಾಗಿಲಿನ ಸಾಕ್ಷಿಯನ್ನು ಬದಲಿಸಬಲ್ಲರು. ಪೆಟ್ಟಿಗೆಯೊಳಗಿನ ನಿಕ್ಷೇಪದ ಮೇಲೆ ಅವರಿಗೂ ಅಧಿಕಾರವಿಲ್ಲ. ಮೊದಲ ನೋಟಕ್ಕೆ ಇದು ಯಂತ್ರದ ಮೊಂಡುತನವೆಂದು ಕಂಡರೂ, ವಾಸ್ತವವಾಗಿ ಇದು ಅದರ ಪರಮ ನಿಷ್ಠೆ: ಅಧಿಕಾರಿಯ ಆಜ್ಞೆಯಿಂದಲೂ ತೆರೆಯದ ಭಾಂಡವೇ ನಿಜವಾದ ಉಪನಿಧಿ. ಇನ್ನು ಕೆಲವರು ಯಂತ್ರವನ್ನು ಹೊತ್ತಿಸಿದೊಡನೆ ಪಾಸ್‌ವರ್ಡ್ ಕೇಳದೆ ಒಳಬಿಡುವಂತೆ ಏರ್ಪಡಿಸಿಕೊಂಡಿರುತ್ತಾರೆ. ಆಗ ಕೀರಿಂಗನ್ನು ತೆರೆಯಲು ಪದವೇ ಸಿಕ್ಕದೆ ಅದೇ ಪೆಟ್ಟಿಗೆ ದಿನವೂ ಏಳುತ್ತದೆ. ಈ ಕಿರುಕುಳ ತಾಳಲಾರದೆ ಅವರು ಕೀರಿಂಗಿಗೆ ಖಾಲಿ ಪಾಸ್‌ವರ್ಡನ್ನು ಕೊಟ್ಟುಬಿಡುವರು. ಅಲ್ಲಿಗೆ ಒಳಗಿನ ರಹಸ್ಯಗಳೆಲ್ಲ ಗೂಢಲಿಪಿಯ ಹೊದಿಕೆ ಕಳಚಿ ಡಿಸ್ಕಿನ ಮೇಲೆ ಬರಿಮೈಯಲ್ಲಿ ಕುಳಿತಿರುತ್ತವೆ. ಮೊದಲನೆಯವರಿಗೆ ಹಳೆಯ ಪದವನ್ನು ನೆನೆಯಲಾಗಲಿಲ್ಲ, ಎರಡನೆಯವರಿಗೆ ಯಾವ ಪದವನ್ನೂ ನೆನೆಯಲು ಮನಸ್ಸಿಲ್ಲ. ಇಬ್ಬರೂ ಯಂತ್ರವನ್ನೇ ಬಯ್ಯುತ್ತಾರೆ.

ಇನ್ನು ಕಾಲದ ವಿಚಾರ. ಒಮ್ಮೆ ಕೇಳಿ ಪಡೆದ ಪದವನ್ನು ಯಂತ್ರವು ಎಷ್ಟು ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು? ಪ್ರತಿಸಲವೂ ಕೇಳಿದರೆ ಕೆಲಸ ಸಾಗದು; ಎಂದೆಂದಿಗೂ ನೆನಪಿಟ್ಟರೆ, ಬಳಕೆದಾರನು ಕಾಫಿಗೆಂದು ಎದ್ದುಹೋದ ಗಳಿಗೆಯಲ್ಲಿ ಆ ಕುರ್ಚಿಯಲ್ಲಿ ಕುಳಿತವನೇ ಯಜಮಾನನಾಗುವನು. ಇದಕ್ಕೆ ತಂತ್ರಜ್ಞರು ಕಂಡುಕೊಂಡ ನಡುದಾರಿಯೇ ಕ್ಯಾಶ್ ಮಾಡಿಡುವುದು, ಎಂದರೆ ಮಿತಕಾಲದ ಸ್ಮರಣೆ. ಸುಡೊ ಎಂಬ ಆಜ್ಞೆಯು ತನ್ನ ಮೂಲ ಏರ್ಪಾಡಿನಲ್ಲಿ ಒಮ್ಮೆ ಪಾಸ್‌ವರ್ಡ್ ಪಡೆದ ಮೇಲೆ 5 ನಿಮಿಷ ಮತ್ತೆ ಕೇಳುವುದಿಲ್ಲ. ಜಿಪಿಜಿ ಏಜೆಂಟ್ ಎಂಬ ರಹಸ್ಯಪಾಲಕವು ಕೊನೆಯ ಬಳಕೆಯಿಂದ 600 ಸೆಕೆಂಡುಗಳವರೆಗೆ ಪದವನ್ನು ಹಿಡಿದಿಟ್ಟುಕೊಂಡು, ಮತ್ತೆ ಬಳಸಿದಾಗಲೆಲ್ಲ ಆ ಗಡುವನ್ನು ಹೊಸದಾಗಿ ಎಣಿಸುತ್ತದೆ. ಆದರೂ 7,200 ಸೆಕೆಂಡುಗಳು ಕಳೆದ ಮೇಲೆ, ಬಳಕೆ ಎಷ್ಟೇ ಬಿಡುವಿಲ್ಲದೆ ನಡೆದಿರಲಿ, ಅದನ್ನು ಮರೆತು ಯಜಮಾನನನ್ನು ಮತ್ತೊಮ್ಮೆ ಕೇಳುತ್ತದೆ. ಈ ಎರಡನೆಯ ಗಡುವಿನಲ್ಲಿ ಆಳವಾದ ವಿವೇಕವಿದೆ: ರೂಢಿಯಿಂದ ನವೀಕರಣಗೊಳ್ಳುವ ವಿಶ್ವಾಸಕ್ಕೂ ಒಂದು ಕಡೆಯ ಮೇರೆ ಇರಬೇಕು. ಜೈನರಲ್ಲಿ ಸಮಂತಭದ್ರಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದರು. ಗೃಹಸ್ಥನಿಗೆ ಕಾಲಮಿತಿಯ ವ್ರತವು ಹೀನವಲ್ಲ. ಅವನ ಬಾಳಿನ ಅಳತೆಗೆ ಅದೇ ಒಪ್ಪುವುದು. ವಿಶ್ವಾಸದ ವಿಚಾರದಲ್ಲಿಯೂ ನಾವೆಲ್ಲ ಗೃಹಸ್ಥರೇ. ಯಾವಜ್ಜೀವ ವಿಶ್ವಾಸವನ್ನು ಯಂತ್ರದ ಮೇಲೆ ಹೊರಿಸುವುದು ನಮಗೂ ಯುಕ್ತವಲ್ಲ, ಅದಕ್ಕೂ ಹೊರೆ.

ಮರೆಯುವುದು ಯಂತ್ರಕ್ಕೆ ಸುಲಭವೆಂದು ತೋರಬಹುದು; ವಾಸ್ತವವು ಬೇರೆ. ಮನುಷ್ಯನಿಗೆ ನೆನಪು ಪ್ರಯತ್ನಸಾಧ್ಯ, ಮರೆವು ಸಹಜ. ಯಂತ್ರಕ್ಕೆ ಇದರ ವಿಪರೀತ. ಸ್ಮೃತಿಕೋಶದಲ್ಲಿ ಜಾಗ ಸಾಲದಾದಾಗ ಅದು ಅಲ್ಲಿರುವುದನ್ನು ಸದ್ದಿಲ್ಲದೆ ಡಿಸ್ಕಿಗೆ ಸಾಗಿಸುವುದರಿಂದ, ಪಾಸ್‌ವರ್ಡ್ ಇರುವ ಭಾಗವನ್ನು ಹಾಗೆ ಸಾಗಿಸಕೂಡದೆಂದು ಕೀರಿಂಗಿನಂಥ ಪ್ರೋಗ್ರಾಮುಗಳು ಮೊದಲೇ ತಡೆ ಹಾಕಬೇಕು. ಕೆಲಸ ಮುಗಿದೊಡನೆ ಆ ಜಾಗವನ್ನು ಸೊನ್ನೆಗಳಿಂದ ತುಂಬಿ ಒರಸಬೇಕು. ಇಷ್ಟಾದರೂ ಯಂತ್ರವನ್ನು ಹೈಬರ್ನೇಟ್ ಮಾಡಿದರೆ ಸ್ಮೃತಿಕೋಶವೆಲ್ಲ ಇದ್ದಂತೆಯೇ ಡಿಸ್ಕಿಗೆ ಇಳಿಯುತ್ತದೆ. ವಿದ್ಯುತ್ತು ನಿಂತೊಡನೆ ಸ್ಮೃತಿಕೋಶ ಬರಿದಾಗುವುದೆಂಬ ನಂಬಿಕೆಯೂ 2008ರಲ್ಲಿ ಬಿದ್ದುಹೋಯಿತು: ಪ್ರಿನ್ಸ್‌ಟನ್ನಿನ ಸಂಶೋಧಕರು ಮೆಮೊರಿ ಚಿಪ್ಪುಗಳನ್ನು ಸೊನ್ನೆಗಿಂತ 50 ಡಿಗ್ರಿ ಕೆಳಕ್ಕೆ ತಂಪುಮಾಡಿ, ವಿದ್ಯುತ್ತನ್ನು ತೆಗೆದು 10 ನಿಮಿಷ ಕಳೆದ ಮೇಲೆಯೂ ಅವುಗಳಲ್ಲಿದ್ದುದರಲ್ಲಿ ಶೇಕಡ ಒಂದರಷ್ಟು ಕೂಡ ಅಳಿದಿರದುದನ್ನು ತೋರಿಸಿದರು. ಕರ್ಮ ಮುಗಿದರೂ ವಾಸನೆ ಉಳಿಯುವುದೆಂಬ ಮಾತು ಜಡಪ್ರಪಂಚಕ್ಕೂ ಸಲ್ಲುತ್ತದೆಯೆಂದಾಯಿತು. ಆದುದರಿಂದ ಇಲ್ಲಿ ಮರೆವು ಒಂದು ಅಭಾವವಲ್ಲ. ಉದ್ದೇಶಪೂರ್ವಕವಾಗಿ ಆಚರಿಸಬೇಕಾದ ಒಂದು ಕ್ರಿಯೆ, ನಿಕ್ಷೇಪಧಾರಿಯ ಕರ್ತವ್ಯಗಳಲ್ಲಿ ಒಂದು.

ಇಲ್ಲಿಯವರೆಗೆ ನಾವು ಹೊರಗಿನ ಕಳ್ಳನನ್ನು ಕುರಿತೇ ಯೋಚಿಸಿದೆವು. ಇದಕ್ಕಿಂತ ಕಠಿನವಾದ ಪ್ರಶ್ನೆ ಪೆಟ್ಟಿಗೆ ತೆರೆದಮೇಲೆ ಹುಟ್ಟುತ್ತದೆ. ಬೆಳಿಗ್ಗೆ ಒಮ್ಮೆ ತೆರೆದ ಕೀರಿಂಗಿನಲ್ಲಿರುವ ಯಾವ ರಹಸ್ಯವನ್ನಾದರೂ, ಅದೇ ಬಳಕೆದಾರನ ಹೆಸರಿನಲ್ಲಿ ಓಡುತ್ತಿರುವ ಯಾವ ಪ್ರೋಗ್ರಾಮಾದರೂ ಕೇಳಿ ಪಡೆಯಬಹುದು. ಗ್ನೋಮ್ ಕೀರಿಂಗಿನ ರಚನೆಗಾರರು ಇದನ್ನು ಮುಚ್ಚಿಡದೆ ತಮ್ಮ ಸಿದ್ಧಾಂತವೆಂದೇ ಸಾರಿದರು. ಬಳಕೆದಾರನ ಅಧಿಕಾರದಿಂದ ನಡೆಯುವ ಪ್ರೋಗ್ರಾಮು ಬಳಕೆದಾರನೇ. ಅವನ ಕೈಗಳನ್ನು ಅವನಿಂದ ಬೇರ್ಪಡಿಸಿದಂತೆ ನಟಿಸುವ ಭದ್ರತೆ ಭದ್ರತೆಯ ತೋರಿಕೆ ಮಾತ್ರ ಎಂಬುದು ಅವರ ವಾದ. ಎಕ್ಸ್ ವಿಂಡೋ ವ್ಯವಸ್ಥೆಯಲ್ಲಂತೂ ಒಂದು ಪ್ರೋಗ್ರಾಮು ಮತ್ತೊಂದಕ್ಕೆ ಒತ್ತಿದ ಕೀಲಿಗಳನ್ನೂ ಕದ್ದು ನೋಡಬಹುದಾಗಿದ್ದುದರಿಂದ ಆ ವಾದಕ್ಕೆ ಬಲವಿತ್ತು. ಆಪಲ್ಲಿನವರು ಬೇರೆ ದಾರಿ ಹಿಡಿದು, ಯಾವ ಪ್ರೋಗ್ರಾಮಿಗೆ ಯಾವ ರಹಸ್ಯವೆಂಬುದಕ್ಕೆ ಪ್ರತ್ಯೇಕ ಪಟ್ಟಿಯನ್ನಿಟ್ಟು, ಹೊಸಬನು ಬಂದಾಗ ಯಜಮಾನನ ಅನುಮತಿ ಕೇಳುವಂತೆ ಮಾಡಿದರು. ಎರಡರಲ್ಲಿಯೂ ಕಷ್ಟವಿದೆ. ಮೊದಲನೆಯದರಲ್ಲಿ ಎಲ್ಲರನ್ನೂ ನಂಬಬೇಕು. ಎರಡನೆಯದರಲ್ಲಿ ಅನುಮತಿಯ ಪ್ರಶ್ನೆ ಹತ್ತು ಸಲ ಬಂದರೆ ಹನ್ನೊಂದನೆಯ ಸಲ ಓದದೆಯೇ ಒಪ್ಪುವ ಅಭ್ಯಾಸ ಬೆಳೆಯುತ್ತದೆ, ಮತ್ತು ಆಯಾಸದಿಂದ ಹುಟ್ಟಿದ ಒಪ್ಪಿಗೆಯನ್ನು ವಿಶ್ವಾಸವೆನ್ನಲು ಬಾರದು.

ಈ ವಿವಾದದ ಬೇರು ತಂತ್ರದಲ್ಲಿಲ್ಲ, ‘ನಾನು’ ಎಂಬುದರ ಮೇರೆಯಲ್ಲಿದೆ. ಯಂತ್ರಕ್ಕೆ ಬಳಕೆದಾರನು ಒಂದು ಸಂಖ್ಯೆ. ಆ ಸಂಖ್ಯೆಯ ಅಡಿಯಲ್ಲಿ ನಡೆಯುವುದೆಲ್ಲಕ್ಕೂ ಅವನೇ ಕರ್ತೃ. ಅವನು ಬರೆದ ಪತ್ರಕ್ಕೂ ಅವನೇ ಕರ್ತೃ. ಅವನಿಗೆ ತಿಳಿಯದೆ, ನಿನ್ನೆ ಎಲ್ಲಿಂದಲೋ ಇಳಿಸಿಕೊಂಡ ಆಟದ ಪ್ರೋಗ್ರಾಮು ಮಾಡಿದ ಕಳ್ಳತನಕ್ಕೂ ಅವನೇ ಕರ್ತೃ. ಶಂಕರಾಚಾರ್ಯರು ಸೂತ್ರಭಾಷ್ಯದ ಪ್ರಾರಂಭದಲ್ಲಿ, ದೇಹೇಂದ್ರಿಯಗಳ ಧರ್ಮಗಳನ್ನೂ ಹೊರಗಣ ಪುತ್ರಕಳತ್ರಾದಿಗಳ ಸುಖದುಃಖಗಳನ್ನೂ ಆತ್ಮನ ಮೇಲೆ ಆರೋಪಿಸುವ ಅಧ್ಯಾಸವೇ ಲೋಕವ್ಯವಹಾರಕ್ಕೆಲ್ಲ ಮೂಲವೆಂದು ವಿವರಿಸಿದ್ದಾರೆ. ಗಣಕಯಂತ್ರದಲ್ಲಿ ನಡೆದಿರುವುದೂ ಅಂಥದೇ ಆರೋಪ. ಆದರೆ ಇಲ್ಲಿ ಆರೋಪಿಸುವುದು ಯಂತ್ರ, ಫಲವನ್ನು ಉಣ್ಣುವವನು ಮನುಷ್ಯ. ಇತ್ತೀಚೆಗೆ ಫ್ಲಾಟ್‌ಪ್ಯಾಕ್ ಮೊದಲಾದ ಕ್ರಮಗಳಲ್ಲಿ ಒಂದೊಂದು ಪ್ರೋಗ್ರಾಮನ್ನೂ ಬೇರೆಬೇರೆ ಆವರಣದೊಳಗಿಟ್ಟು, ಪ್ರತಿಯೊಂದಕ್ಕೂ ಅದರದೇ ಆದ ರಹಸ್ಯಬೀಜವನ್ನು ಕೊಟ್ಟು, ಉಳಿದವುಗಳ ನಿಕ್ಷೇಪ ಅದರ ಕಣ್ಣಿಗೆ ಬೀಳದಂತೆ ಮಾಡುವ ಪ್ರಯತ್ನ ನಡೆದಿದೆ. ಅದು ಆರೋಪವನ್ನು ಬಿಡಿಸುವ, ಇದು ನಾನಲ್ಲ, ಇದು ನಾನಲ್ಲ ಎಂದು ಮೇರೆಗಳನ್ನು ಮತ್ತೆ ಎಳೆಯುವ ಸಾಧನೆ.

ನಿಕ್ಷೇಪಧಾರಿಗಳಲ್ಲಿ ನನಗೆ ಉತ್ತಮೋತ್ತಮನಾಗಿ ತೋರುವುದು, ದೂರದ ಯಂತ್ರವನ್ನು ಸುರಕ್ಷಿತವಾಗಿ ಪ್ರವೇಶಿಸಲೆಂದು 1995ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಎಸ್.ಎಸ್.ಎಚ್. ಕುಟುಂಬಕ್ಕೆ ಸೇರಿದ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮು. ಕೀರಿಂಗು ಕೇಳಿದವರಿಗೆ ರಹಸ್ಯವನ್ನೇ ಕೊಟ್ಟುಬಿಡುತ್ತದೆ. ಕೊಟ್ಟಮೇಲೆ ಅದು ಅವರ ಸೊತ್ತು. ಏಜೆಂಟಾದರೋ ಖಾಸಗಿ ಕೀಲಿಯನ್ನು ಯಾರ ಕೈಗೂ ಕೊಡುವುದಿಲ್ಲ. ದೂರದ ಯಂತ್ರವು ಸವಾಲೊಂದನ್ನು ಕಳುಹಿಸಿದಾಗ, ಆ ಸವಾಲಿಗೆ ಕೀಲಿಯಿಂದ ಸಹಿಮಾಡಿ, ಸಹಿಯನ್ನು ಮಾತ್ರ ಹೊರಗೆ ಕೊಟ್ಟು, ಕೀಲಿಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಬೇಕಾದರೆ ಇಷ್ಟು ಕಾಲ ಮಾತ್ರ ಇಟ್ಟುಕೊಂಡಿರೆಂದೂ, ಒಂದೊಂದು ಸಹಿಗೂ ನನ್ನನ್ನು ಕೇಳೆಂದೂ ಅದಕ್ಕೆ ಕಟ್ಟುಮಾಡಬಹುದು. ಇದರಲ್ಲಿಯೂ ಅಪಾಯವಿಲ್ಲದಿಲ್ಲ, ಏಜೆಂಟನ್ನು ದೂರದ ಯಂತ್ರದವರೆಗೆ ಚಾಚಿದರೆ, ಅಲ್ಲಿಯ ಅಧಿಕಾರಿಯು ಸಂಪರ್ಕವಿರುವಷ್ಟು ಹೊತ್ತು ಅದರಿಂದ ತನಗೆ ಬೇಕಾದ ಸಹಿಯನ್ನು ಮಾಡಿಸಿಕೊಳ್ಳಬಲ್ಲನು. ಆದರೆ ಸಂಪರ್ಕ ಕಡಿದೊಡನೆ ಅವನ ಬಲವೂ ಮುಗಿಯುತ್ತದೆ, ಏಕೆಂದರೆ ಅವನಿಗೆ ದೊರೆತದ್ದು ಕಾರ್ಯ, ಕಾರಣವಲ್ಲ. ವಸ್ತುವನ್ನು ಕೊಡದೆ ಫಲವನ್ನು ಮಾತ್ರ ಕೊಡುವ ಈ ಕ್ರಮವು ಯಾಜ್ಞವಲ್ಕ್ಯನ ನಿಯಮವನ್ನೂ ದಾಟಿ ನಿಂತಿದೆ.

ಇಷ್ಟು ನೈಪುಣ್ಯವಿದ್ದೂ ಯಂತ್ರದ ನಿಕ್ಷೇಪಧರ್ಮಕ್ಕೆ ಒಂದು ಕೊರತೆ ಉಳಿದೇ ಇದೆ. ನಿಕ್ಷೇಪವಿಟ್ಟವನು ಸತ್ತಮೇಲೆ ಅದನ್ನು ತಾನಾಗಿಯೇ ಅವನ ಉತ್ತರಾಧಿಕಾರಿಗೆ ತಲುಪಿಸಿದವನನ್ನು ಅರಸನಾಗಲಿ ಬಂಧುಗಳಾಗಲಿ ಪೀಡಿಸಕೂಡದೆಂದು ಮನುವು ಹೇಳುತ್ತಾನೆ. ಒಡೆಯನ ಮರಣವನ್ನು ಅರಿತು ತಾನಾಗಿಯೇ ಒಪ್ಪಿಸುವ ಸಜ್ಜನನೊಬ್ಬನ ಇರವನ್ನು ಆ ವಿಧಿಯು ಭಾವಿಸಿಕೊಂಡಿದೆ. ಮೇಜಿನ ಯಂತ್ರದ ಕೀರಿಂಗಿಗೆ ಒಡೆಯನ ಮರಣವೂ ಅವನ ಮರೆವೂ ಒಂದೇ. ಸರಿಯಾದ ಪದ ಬಾರದಿದ್ದರೆ ಅದು ಮಗನಿಗೂ ತೆರೆಯದು, ಹೆಂಡತಿಗೂ ತೆರೆಯದು; ಬ್ಯಾಂಕಿನ ಲೆಕ್ಕ, ಮಕ್ಕಳ ಚಿತ್ರ, ಅರ್ಧ ಬರೆದ ಗ್ರಂಥ, ಇವುಗಳನ್ನು ತೆರೆಯಲೆಂದು ಅದರೊಳಗಿಟ್ಟ ಪಾಸ್‌ವರ್ಡ್‌ಗಳೆಲ್ಲವೂ ಆ ಒಂದು ಪದದೊಡನೆ ನಷ್ಟವಾಗುತ್ತವೆ. ಒಡೆಯನ ವಿನಾ ಮತ್ತಾರಿಗೂ ತೆರೆಯೆನೆಂಬ ನಿಷ್ಠೆಯು ಒಡೆಯನೇ ಇಲ್ಲವಾದಾಗ ನಿಷ್ಫಲವಾಗುವುದನ್ನು ಅರಿಯುವ ಬುದ್ಧಿ ಅದಕ್ಕಿಲ್ಲ. ಆದುದರಿಂದ ವಿವೇಕಿಯಾದವನು ಮುಖ್ಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಅರಗಿನ ಮುದ್ರೆಯೊತ್ತಿ, ತಾನು ನಂಬುವ ಒಬ್ಬರ ಕೈಯಲ್ಲಿ ಇಟ್ಟಿರುವುದು ಯುಕ್ತ. ಯಂತ್ರದ ಅನವಸ್ಥೆಯನ್ನು ಮನುಷ್ಯನ ಸ್ಮೃತಿಯಲ್ಲಿ ನಿಲ್ಲಿಸಿದೆವು. ಆ ಸ್ಮೃತಿಯ ನಶ್ವರತೆಯನ್ನು ಮತ್ತೊಬ್ಬ ಮನುಷ್ಯನ ಶೀಲದಿಂದಲೇ ತುಂಬಬೇಕಾಗಿದೆ.

ಜಡವಸ್ತುವಿನಲ್ಲಿಡುವ ವಿಶ್ವಾಸ ವಿಶ್ವಾಸವೇ ಎಂಬ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದಲೂ ಇದೇ ಉತ್ತರ ಬರುತ್ತದೆ. ಪಾಸ್‌ವರ್ಡನ್ನು ಬಿಚ್ಚದೆ ಗುರುತಿಸುವ ಉಪಾಯವನ್ನು ರೂಢಿಗೆ ತಂದ ಕೆನ್ ಥಾಂಪ್ಸನ್ ಅವರೇ, 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ, ಮೂಲಪಾಠವನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರನ್ನು ಕೆಡಿಸಿ, ಲಾಗಿನ್ ಪ್ರೋಗ್ರಾಮು ತಾವು ಗೊತ್ತುಮಾಡಿದ ಪಾಸ್‌ವರ್ಡನ್ನೂ ಒಪ್ಪುವಂತೆ ಮಾಡಬಹುದೆಂದೂ, ಮೂಲಪಾಠವನ್ನು ಎಷ್ಟು ಓದಿದರೂ ಆ ಮೋಸದ ಸುಳಿವು ಸಿಕ್ಕದೆಂದೂ ವಿವರಿಸಿ ತೋರಿಸಿದರು. ಎಂದಮೇಲೆ ಯಂತ್ರವನ್ನು ನಂಬುವುದೆಂದರೆ ಅದನ್ನು ಕಟ್ಟಿದವರನ್ನು, ಅದರ ಪ್ರೋಗ್ರಾಮನ್ನು ಬರೆದವರನ್ನು, ಬರೆದುದನ್ನು ಪರಿಶೀಲಿಸಿದವರನ್ನು ನಂಬುವುದೆಂದೇ ಅರ್ಥ. ಜಡದಲ್ಲಿಟ್ಟಂತೆ ತೋರುವ ವಿಶ್ವಾಸವು ಜಡವನ್ನು ದಾಟಿ ಚೇತನರನ್ನೇ ಮುಟ್ಟುತ್ತದೆ; ನಾವು ಮುಖವನ್ನೆಂದೂ ನೋಡದ, ಹೆಸರನ್ನೂ ಅರಿಯದ ಚೇತನರನ್ನು.

ಕಾಣದ ಜನರಲ್ಲಿ ಇಡುವ ಇಂಥ ವಿಶ್ವಾಸಕ್ಕೆ ನಿಶ್ಶಂಕೆಯನ್ನು ಲಕ್ಷಣವಾಗಿ ಹೇಳಲಾಗದು. ನಾರದನ ಕಾಲದ ನಿಕ್ಷೇಪಧಾರಿ ನೆರೆಮನೆಯವನಾಗಿದ್ದನು, ಅವನ ಕುಲಶೀಲಗಳು ಊರಿಗೆಲ್ಲ ಗೊತ್ತಿದ್ದುವು. ನಮ್ಮ ವಿಶ್ವಾಸಕ್ಕೆ ಮಿತಿಯೇ ಲಕ್ಷಣ. ಗುರುತಿಸಬೇಕಾದವನಿಗೆ ಅರಿವನ್ನು ಕೊಡದಿರುವುದು, ಕಾಯುವವನಿಗೆ ಗಡುವನ್ನು ವಿಧಿಸುವುದು, ಕೆಲಸಕ್ಕೆ ಸಾಕಾಗುವಷ್ಟನ್ನು ಮಾತ್ರ ಒಪ್ಪಿಸುವುದು, ಮತ್ತು ಉಳಿದೆಲ್ಲವನ್ನೂ ತೆರೆಯುವ ಒಂದನ್ನು ಯಂತ್ರಕ್ಕೆ ಕೊಡದೆ ಉಳಿಸಿಕೊಳ್ಳುವುದು: ಹೀಗೆ ಮೇರೆ ಕಟ್ಟಿದ ವಿಶ್ವಾಸವನ್ನು ಅಪನಂಬಿಕೆಯೆಂದು ಹಳಿಯುವವರು, ಹೊಣೆಯನ್ನು ಹಸ್ತಾಂತರಿಸುವುದನ್ನೇ ನಂಬಿಕೆಯೆಂದು ತಿಳಿದವರು. ಹೊಣೆಯನ್ನು ಹಂಚಿಕೊಳ್ಳಬಹುದು, ಕಳಚಿಕೊಳ್ಳಲಾಗದು. “ನೆನಪಿಟ್ಟುಕೊಳ್ಳಲೆ?” ಎಂಬ ಪ್ರಶ್ನೆಗೆ ಹೌದೆನ್ನುವುದರಲ್ಲಿ ದೋಷವಿಲ್ಲ, ಏನನ್ನು, ಎಷ್ಟು ಕಾಲ, ಯಾರಿಗಾಗಿ ಎಂಬ ಮೂರನ್ನು ಕೇಳದೆ ಹೌದೆನ್ನುವುದರಲ್ಲಿ ದೋಷವಿದೆ, ಮತ್ತು ಆ ದೋಷ ಯಂತ್ರದ್ದಲ್ಲ.